ಜೋಡಿ ಆಯುಧದ ಬಾರ್ಬೇರಿಯನ್: ಪದೇ ಪದೇ ಕೇಳುವ ಪ್ರಶ್ನೆಗಳು

ಹಾಸನದಲ್ಲಿ ನಾವು ಆಡುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಎಂಬ, ದಾಳ ಎಸೆದು ಪಾತ್ರವಾಗಿ ಆಡುವ ಆಟಕ್ಕೆ ಹೊಸಬರು ಬಂದಾಗಲೆಲ್ಲ ಒಬ್ಬರಾದರೂ ಎರಡು ಕೈಯಲ್ಲೂ ಕೊಡಲಿ ಹಿಡಿದ ಬಾರ್ಬೇರಿಯನ್ (ರೋಷದಿಂದ ಹೊಡೆದಾಡುವ ಯೋಧ) ಬೇಕು ಅನ್ನುತ್ತಾರೆ. ಆಮೇಲೆ ಬರುವ ಪ್ರಶ್ನೆಗಳು ಹೆಚ್ಚುಕಡಿಮೆ ಅವೇ. ಚಿಕ್ಕಮಗಳೂರಿನ ಗೆಳೆಯರು ಬರೆದು ಕೇಳಿದ್ದನ್ನೂ ಸೇರಿಸಿ ಇಲ್ಲಿ ಒಟ್ಟು ಮಾಡಿದ್ದೇನೆ. ಎಲ್ಲವೂ ಐದನೇ ಆವೃತ್ತಿಯ ನಿಯಮಗಳು; 2014 ಅಂದರೆ ಅದರ ಮೊದಲ ಪುಸ್ತಕ, 2024 ಅಂದರೆ ಪರಿಷ್ಕರಿಸಿದ್ದು. ಡ್ಯಾಮೇಜ್ ಲೆಕ್ಕಗಳು ಏಟೆಲ್ಲ ತಾಗಿದರೆ ಬರುವ ಸರಾಸರಿ.

## ಈಗಷ್ಟೇ ಶುರು ಮಾಡಿದವರಿಗೆ

ದೊಡ್ಡ ಕೊಡಲಿ ಒಂದೇ ಸಾಕಲ್ವಾ? ಎರಡು ಸಣ್ಣದು ಹಿಡಿದು ಏನು ಸಿಗತ್ತೆ?

ಜಾಸ್ತಿ ಏಟು ಸಿಗುತ್ತದೆ. ಗ್ರೇಟ್‌ಆಕ್ಸ್ ಹಿಡಿದವನು ಮೊದಲ ಲೆವೆಲ್‌ನಲ್ಲಿ ಒಂದು ಸುತ್ತಿಗೊಮ್ಮೆ ಬೀಸುತ್ತಾನೆ. ತಪ್ಪಿದರೆ ಆ ಸುತ್ತು ದಂಡ. ಜೋಡಿ ಆಯುಧದವನಿಗೆ ಇನ್ನೊಂದು ಅವಕಾಶ ಇರುತ್ತದೆ.

ಬಾರ್ಬೇರಿಯನ್‌ಗೆ ಇದು ವಿಶೇಷವಾಗಿ ಹೊಂದುವುದಕ್ಕೆ ಕಾರಣ ರೇಜ್, ಅಂದರೆ ಜಗಳದಲ್ಲಿ ಅವನಿಗೆ ಬರುವ ರೋಷದ ಶಕ್ತಿ. ರೇಜ್ ಇದ್ದಾಗ ಪ್ರತಿ ಏಟಿಗೂ ಮೊದಲ ಲೆವೆಲ್‌ನಿಂದ 2, ಒಂಬತ್ತರಿಂದ 3, ಹದಿನಾರರಿಂದ 4 ಸೇರುತ್ತದೆ. ಆಯುಧ ದೊಡ್ಡದೋ ಚಿಕ್ಕದೋ ಅಂತ ರೇಜ್ ನೋಡುವುದಿಲ್ಲ, ತಾಗಿತಾ ಅಂತ ಮಾತ್ರ ನೋಡುತ್ತದೆ. ಹಾಗಾಗಿ ಈ ಪಾತ್ರ ಕಟ್ಟುವಾಗ ಒಂದನ್ನು ಸದಾ ನೆನಪಿಡಿ: ಏಟಿನ ಗಾತ್ರ ಬೆಳೆಸಲು ಹೋಗಬೇಡಿ, ಪ್ರತಿ ಏಟಿಗೂ ಸೇರುವ ಸಣ್ಣ ಸಣ್ಣ ಮೊತ್ತಗಳನ್ನು ಹುಡುಕಿ.

2014ರ ಗಾಬ್ಲಿನ್‌ಗೆ (ಒಂದು ಸಣ್ಣ ಶತ್ರು) 7 ಹಿಟ್ ಪಾಯಿಂಟ್, ಅಂದರೆ ಜೀವದ ಅಂಕ. ಸ್ಟ್ರೆಂತ್ 16 ಇರುವ ನಿಮ್ಮ ಬಾರ್ಬೇರಿಯನ್ ರೇಜ್‌ನಲ್ಲಿ ಕೈಕೊಡಲಿ ಬೀಸಿದರೆ ಡ್ಯಾಮೇಜ್ 1ಡಿ6+5: ಆರು ಮುಖದ ಒಂದು ದಾಳ, ಜೊತೆಗೆ ಸ್ಟ್ರೆಂತ್‌ನಿಂದ 3, ರೇಜ್‌ನಿಂದ 2. ದಾಳದಲ್ಲಿ 1 ಬಿದ್ದರೆ ಮಾತ್ರ ಗಾಬ್ಲಿನ್ ಉಳಿಯುತ್ತದೆ. ಎಡಗೈ ಏಟು ಪಕ್ಕದ ಗಾಬ್ಲಿನ್‌ಗೆ. ಗ್ರೇಟ್‌ಆಕ್ಸ್ ಸರಾಸರಿ 11.5 ಕೊಡುತ್ತದೆ ನಿಜ, ಆದರೆ ಸತ್ತ ಗಾಬ್ಲಿನ್ ಮೇಲೆ ಬಿದ್ದ ಹೆಚ್ಚುವರಿ ಏಟು ಯಾರ ಲೆಕ್ಕಕ್ಕೂ ಇಲ್ಲ. ಎದುರಿಗೆ ಒಂದೇ ದೊಡ್ಡ ರಾಕ್ಷಸ ಇದ್ದರೆ ಲೆಕ್ಕ ತಿರುಗುತ್ತದೆ. ಅದಕ್ಕೆ ಕೆಳಗೆ ಬರುತ್ತೇನೆ.

2014, 2024 ಅಂತ ಎರಡು ನಿಯಮ ಇದೆಯಂತೆ. ನಂಗೆ ಯಾವುದು?

ನಿಮ್ಮ ಡಿಎಂ (ಆಟ ನಡೆಸುವವರು) ಹೇಳಿದ್ದು. ಆಯ್ಕೆ ನಿಮ್ಮದೇ ಆದರೆ ಕಣ್ಣು ಮುಚ್ಚಿ 2024.

2014ರಲ್ಲಿ ಎಡಗೈ ಏಟಿಗೆ ಬೋನಸ್ ಆಕ್ಷನ್ (ಮುಖ್ಯ ಕೆಲಸದ ಜೊತೆಗೆ ಸಿಗುವ ಸಣ್ಣ ಅವಕಾಶ) ಖರ್ಚಾಗುತ್ತದೆ. ರೇಜ್ ಶುರು ಮಾಡಲಿಕ್ಕೂ ಬೋನಸ್ ಆಕ್ಷನ್ನೇ ಬೇಕು. ಒಂದು ಸರದಿಗೆ ಇರುವುದು ಒಂದೇ. 2024ರಲ್ಲಿ ವೆಪನ್ ಮಾಸ್ಟರಿ, ಅಂದರೆ ಪ್ರತಿ ಆಯುಧಕ್ಕೂ ಒಂದು ವಿಶೇಷ ಗುಣ ಬಂದಿದೆ. ಅದರಲ್ಲಿ ನಿಕ್ ಅನ್ನುವ ಗುಣ ಇರುವ ಆಯುಧ ಎಡಗೈಯಲ್ಲಿದ್ದರೆ ಆ ಏಟು ಅಟ್ಯಾಕ್ ಆಕ್ಷನ್ ಅನ್ನುವ ಮುಖ್ಯ ಹೊಡೆತದೊಳಗೇ ಸೇರಿಹೋಗುತ್ತದೆ. ಬೋನಸ್ ಆಕ್ಷನ್ ಉಳಿಯುತ್ತದೆ.

ಸ್ಟ್ರೆಂತ್ ಹಾಕ್ಲಾ, ಡೆಕ್ಸ್ ಹಾಕ್ಲಾ? ಎರಡು ಕತ್ತಿ ಅಂದ್ರೆ ಡೆಕ್ಸ್ ಅಲ್ವಾ?

ಬಾರ್ಬೇರಿಯನ್‌ಗೆ ಡೆಕ್ಸ್ (ಚುರುಕಿನ ಅಂಕ) ಅಲ್ಲ. ರೇಜ್ ಡ್ಯಾಮೇಜ್ ಸೇರುವುದು ಸ್ಟ್ರೆಂತ್‌ನಿಂದ ಹೊಡೆದಾಗ ಮಾತ್ರ. ಎಚ್ಚರಿಕೆ ಬಿಟ್ಟು ಬೀಸುವ ರೆಕ್‌ಲೆಸ್ ಅಟ್ಯಾಕ್ ಕೂಡ ಅಷ್ಟೇ. ಶಾರ್ಟ್‌ಸೋರ್ಡ್, ಸಿಮಿಟರ್ ಥರದ ಫಿನೆಸ್ (ಡೆಕ್ಸ್‌ನಿಂದಲೂ ಬೀಸಬಹುದಾದ) ಆಯುಧವನ್ನೂ ಸ್ಟ್ರೆಂತ್‌ನಿಂದ ಬೀಸಬಹುದು, ನಿಯಮ ಬಿಡುತ್ತದೆ.

15, 14, 13, 12, 10, 8 ಹಂಚುವುದಾದರೆ 15 ಸ್ಟ್ರೆಂತ್‌ಗೆ, 14 ಕಾನ್‌ಗೆ (ದೇಹದ ಗಟ್ಟಿತನ), 13 ಡೆಕ್ಸ್‌ಗೆ. 2024ರಲ್ಲಿ ಸೋಲ್ಜರ್ ಹಿನ್ನೆಲೆ ತೆಗೆದುಕೊಂಡು ಸ್ಟ್ರೆಂತ್‌ಗೆ 2, ಡೆಕ್ಸ್‌ಗೆ 1 ಹಾಕಿದರೆ 17, 14, 14 ಆಗುತ್ತದೆ. ನಾಲ್ಕನೇ ಲೆವೆಲ್‌ನಲ್ಲಿ 1 ಕೊಡುವ ಫೀಟ್ (ವಿಶೇಷ ಕೌಶಲ) ಬಂದರೆ ಸ್ಟ್ರೆಂತ್ 18.

ಕ್ಲಾಸ್ ಕಿಟ್‌ನಲ್ಲಿ 15 ಚಿನ್ನದ ನಾಣ್ಯ ಬಂದಿದೆ. ಯಾವ ಆಯುಧ ತಗೊಳ್ಳಲಿ?

ಕುಡುಗೋಲು. ತಮಾಷೆ ಅಲ್ಲ.

2024ರ ಕಿಟ್‌ನಲ್ಲೇ ನಾಲ್ಕು ಕೈಕೊಡಲಿ ಬರುತ್ತವೆ. ಕೈಕೊಡಲಿಯ ಮಾಸ್ಟರಿ ವೆಕ್ಸ್: ತಾಗಿ ಡ್ಯಾಮೇಜ್ ಆದರೆ ಅದೇ ಶತ್ರುವಿನ ಮೇಲಿನ ಮುಂದಿನ ಏಟಿಗೆ ಅಡ್ವಾಂಟೇಜ್, ಅಂದರೆ ಇಪ್ಪತ್ತು ಮುಖದ ದಾಳ ಎರಡು ಎಸೆದು ದೊಡ್ಡದನ್ನು ಹಿಡಿಯುವುದು. ಇನ್ನು ಬೇಕಾಗಿರುವುದು ನಿಕ್ ಇರುವ ಒಂದು ಆಯುಧ. ನಿಕ್ ಇರುವುದು ನಾಲ್ಕಕ್ಕೆ: ಡ್ಯಾಗರ್, ಲೈಟ್ ಹ್ಯಾಮರ್, ಸಿಕಲ್, ಸಿಮಿಟರ್. ಸಿಮಿಟರ್‌ಗೆ 25 ಚಿನ್ನ, ಹಿನ್ನೆಲೆಯಿಂದ ಬಂದ ಹಣವನ್ನೂ ಸುರಿಯಬೇಕು. ಸಿಕಲ್, ಅಂದರೆ ನಮ್ಮ ರಾಗಿ ಕೊಯ್ಯುವ ಕುಡುಗೋಲಿಗೆ 1 ಚಿನ್ನ. ಡಿ6 ಬದಲು ಡಿ4, ಸರಾಸರಿಯಲ್ಲಿ 1 ಕಡಿಮೆ. ಮೊದಲ ಲೆವೆಲ್‌ನಲ್ಲಿ ಬಾರ್ಬೇರಿಯನ್‌ಗೆ ಎರಡು ಆಯುಧದ ಮಾಸ್ಟರಿ ಸಿಗುತ್ತದೆ. ಕೊಡಲಿಗೊಂದು, ಕುಡುಗೋಲಿಗೊಂದು, ಸರಿಹೋಯಿತು. ದುಡ್ಡು ಬಂದಮೇಲೆ ಸಿಮಿಟರ್ ಕೊಳ್ಳಿ. ಲಾಂಗ್ ರೆಸ್ಟ್ (ದೀರ್ಘ ವಿಶ್ರಾಂತಿ) ಆದಮೇಲೆ ಒಂದು ಮಾಸ್ಟರಿಯನ್ನು ಬದಲಿಸಿಕೊಳ್ಳಬಹುದು.

ಅರಸೀಕೆರೆ ಕಡೆಯ ಒಬ್ಬ ಆಟಗಾರ್ತಿ ಇದೇ ಜೋಡಿಯನ್ನು ಇಟ್ಟುಕೊಂಡು ಆಡಿದಳು. ಬಲಗೈಲಿ ಕೊಡಲಿ, ಎಡಗೈಲಿ ಕುಡುಗೋಲು. ಹೊಡೆಯುವುದನ್ನು ವಿವರಿಸುವಾಗ ಮೊದಲು ಕೊಡಲಿಯಿಂದ ಗುರಾಣಿ ಪಕ್ಕಕ್ಕೆ ತಳ್ಳಿ, ಆಮೇಲೆ ಕುಡುಗೋಲನ್ನು ಮೊಣಕಾಲ ಹಿಂದೆ ಕೊಕ್ಕೆ ಹಾಕಿ ತನ್ನತ್ತ ಎಳೆಯುತ್ತಿದ್ದಳು. ವೆಕ್ಸ್, ನಿಕ್ ಅಂತ ಯಾರಿಗೂ ಬಿಡಿಸಿ ಹೇಳುವ ಕೆಲಸವೇ ಇರಲಿಲ್ಲ.

ದುಡ್ಡು ಕೊಟ್ಟು ಪುಸ್ತಕ ತಗೊಳ್ದೆ ಆಡೋಕಾಗತ್ತಾ?

ಆಗುತ್ತದೆ. ಎಸ್‌ಆರ್‌ಡಿ ಎಂಬ ಮೂಲ ನಿಯಮಗಳ ಕಡತ ಉಚಿತ. 2014ರ ನಿಯಮದ 5.1 ಆವೃತ್ತಿಯನ್ನು 2023ರ ಜನವರಿಯಲ್ಲಿ ಕ್ರಿಯೇಟಿವ್ ಕಾಮನ್ಸ್ ಅಡಿ ಬಿಟ್ಟರು. 2024ರ ನಿಯಮದ 5.2 ಬಂದಿದ್ದು 2025ರ ಏಪ್ರಿಲ್‌ನಲ್ಲಿ. ಎರಡರಲ್ಲೂ ಬಾರ್ಬೇರಿಯನ್‌ನ ಒಳವರ್ಗಗಳಲ್ಲಿ (ಪಾತ್, ಅಂದರೆ ದಾರಿ) ಬರ್ಸರ್ಕರ್ ಒಂದೇ ಇದೆ. ಜೋಡಿ ಆಯುಧದವರ ಡ್ಯುಯಲ್ ವೀಲ್ಡರ್ ಫೀಟ್ ಎರಡರಲ್ಲೂ ಇಲ್ಲ. ನಿಕ್, ವೆಕ್ಸ್ ಮಾತ್ರ 5.2ರಲ್ಲಿವೆ, ಹಾಗಾಗಿ ಕೊಡಲಿ-ಕುಡುಗೋಲಿನ ಪಾತ್ರವನ್ನು ಒಂದು ಪೈಸೆ ಖರ್ಚಿಲ್ಲದೆ ಕಟ್ಟಬಹುದು.

ಮೊದಲ ಸುತ್ತಲ್ಲಿ ರೇಜ್ ಮಾಡಿದ್ರೆ ಎಡಗೈ ಸುಮ್ನೆ ಇರತ್ತಲ್ಲ?

2014ರಲ್ಲಿ ಹೌದು, ಅದೇ ಅದರ ದೊಡ್ಡ ತೊಂದರೆ. ಮೊದಲ ಲೆವೆಲ್, ಸ್ಟ್ರೆಂತ್ 16, ಎರಡು ಕೈಕೊಡಲಿ. ಮೊದಲ ಸುತ್ತಿನಲ್ಲಿ ಬಲಗೈ ಮಾತ್ರ, 8.5. ಎರಡನೇ ಸುತ್ತಿನಿಂದ 14 (ಎಡಗೈ ಡ್ಯಾಮೇಜ್‌ಗೆ ಸ್ಟ್ರೆಂತ್ ಸೇರುವುದಿಲ್ಲ, ರೇಜ್ ಸೇರುತ್ತದೆ). ಗ್ರೇಟ್‌ಆಕ್ಸ್ ಪ್ರತಿ ಸುತ್ತಿಗೂ 11.5. ಎರಡು ಸುತ್ತು ಆದಾಗ ನೀವು 22.5, ಅವನು 23. ಮೂರು ಸುತ್ತಿಗೆ 36.5 ಮತ್ತು 34.5. ಅಂದರೆ ಎರಡೇ ಸುತ್ತಿಗೆ ಮುಗಿಯುವ ಜಗಳದಲ್ಲಿ ನಿಮಗೆ ಏನೂ ಲಾಭ ಇಲ್ಲ.

2024ರಲ್ಲಿ ಕೊಡಲಿ 8.5, ಕುಡುಗೋಲು 4.5, ಒಟ್ಟು 13. ಇದು ಮೊದಲ ಸುತ್ತಿನಿಂದಲೇ, ರೇಜ್ ಮಾಡಿಯೂ. ಮೂರು ಸುತ್ತಿಗೆ 39.

2014ರವರಿಗೆ ಇನ್ನೊಂದು ಮಾತು. ಆ ನಿಯಮದಲ್ಲಿ ಸುಮ್ಮನೆ ಹಿರಿಯಬಹುದಾದದ್ದು ಒಂದೇ ಆಯುಧ. ಅಪಾಯದ ಜಾಗಕ್ಕೆ ಹೋಗುವಾಗ ಒಂದನ್ನಾದರೂ ಕೈಯಲ್ಲಿ ಹಿಡಿದೇ ನಡೆಯಿರಿ.

## ಕೆಲವು ಲೆವೆಲ್ ಆಡಿದವರಿಗೆ

ಎಡಗೈ ಏಟಿಗೆ ಸ್ಟ್ರೆಂತ್ ಸೇರಿಸಬಾರದು ಅಂತಾರೆ. ರೇಜ್ ಸೇರಿಸಬಹುದಾ?

ಸೇರಿಸಬಹುದು, ಸೇರಿಸಲೇಬೇಕು. ನಿಯಮ ಬೇಡ ಅನ್ನುವುದು ಎಬಿಲಿಟಿ ಮಾಡಿಫೈಯರ್ (ಸ್ಟ್ರೆಂತ್ 16ರಿಂದ ಬರುವ 3 ಥರದ್ದು) ಒಂದನ್ನೇ, ಅದೂ ಡ್ಯಾಮೇಜ್‌ಗೆ ಮಾತ್ರ. ತಾಗಿತೋ ಇಲ್ಲವೋ ನೋಡುವಾಗ ಸ್ಟ್ರೆಂತ್ ಪೂರ್ತಿ ಸೇರುತ್ತದೆ. ರೇಜ್, ಮ್ಯಾಜಿಕ್ ಆಯುಧದ +1 ಎಲ್ಲವೂ ಎಡಗೈಗೂ ಸಲ್ಲುತ್ತವೆ. ಡಿಎಂ ತಕರಾರು ತೆಗೆದರೆ ನಿಯಮದ ಆ ಸಾಲನ್ನು ಮೆಲ್ಲಗೆ ಓದಿ ತೋರಿಸಿ.

ಗುರಾಣಿ ಇಲ್ದೆ ಸಾಯಲ್ವಾ?

ಎಸಿ (ನಿಮಗೆ ಏಟು ತಾಗಲು ಎದುರಿನವನು ಮುಟ್ಟಬೇಕಾದ ಅಂಕ) 2 ಕಡಿಮೆ ಆಗುತ್ತದೆ, ಅಷ್ಟೇ. ಹಿಟ್ ಪಾಯಿಂಟ್ ಕೊಡುವ ದಾಳ, ಅಂದರೆ ಹಿಟ್ ಡೈ, ಡಿ12 ಇದೆ. ರೇಜ್‌ನಲ್ಲಿ ಕಡಿತ, ಇರಿತ, ಗುದ್ದು ಮೂರೂ ಅರ್ಧ. ಬರಿ ಮೈಯಲ್ಲಿ ಡೆಕ್ಸ್ 14, ಕಾನ್ 14 ಇದ್ದರೆ ಎಸಿ 14. ಹಾಫ್ ಪ್ಲೇಟ್ ಹಾಕಿದರೆ 17. ಬಾರ್ಬೇರಿಯನ್ ಅಂದರೆ ಬರಿ ಮೈಯಲ್ಲೇ ಇರಬೇಕು ಅಂತ ಹಟ ಹಿಡಿಯುವವರು ಜಾಸ್ತಿ. ನೋಡಲು ಚೆನ್ನ, ಲೆಕ್ಕದಲ್ಲಿ ನಷ್ಟ. ಹೆವಿ ಆರ್ಮರ್ ಮಾತ್ರ ಬೇಡ, ಅದರೊಳಗೆ ರೇಜ್ ನಡೆಯುವುದಿಲ್ಲ.

ಪ್ರತಿ ಸುತ್ತಲ್ಲೂ ರೆಕ್‌ಲೆಸ್ ಹೊಡೀಬೇಕಾ?

ಬೇಡ. ಐದನೇ ಲೆವೆಲ್, ಸ್ಟ್ರೆಂತ್ 18, ಎದುರಿನವನ ಎಸಿ 15 ಅಂದುಕೊಳ್ಳಿ. ಸಾಮಾನ್ಯವಾಗಿ ತಾಗುವ ಸಾಧ್ಯತೆ ಶೇ. 65. ರೆಕ್‌ಲೆಸ್ ಮಾಡಿದರೆ ಸುಮಾರು ಶೇ. 88. ಆಸೆ ಆಗುವುದು ಸಹಜ. ಆದರೆ ಮುಂದಿನ ಸರದಿವರೆಗೆ ನಿಮ್ಮ ಮೇಲೆ ಬೀಳುವ ಏಟಿಗೂ ಅಡ್ವಾಂಟೇಜ್ ಇರುತ್ತದೆ. ಆರು ಜನ ಸುತ್ತುವರಿದಾಗ ಅದು ದುಬಾರಿ.

2024ರಲ್ಲಿ ವೆಕ್ಸ್ ಇರುವುದರಿಂದ ನಿಮಗೆ ಇನ್ನೊಂದು ದಾರಿ ಇದೆ. ಮೊದಲ ಕೊಡಲಿ ತಾಗಿದರೆ ಎರಡನೆಯದಕ್ಕೆ ಅಡ್ವಾಂಟೇಜ್. ಅದೂ ತಾಗಿದರೆ ಕುಡುಗೋಲಿಗೆ. ಒಬ್ಬನನ್ನೇ ಹಿಡಿದು ಹೊಡೆಯುವಾಗ ರೆಕ್‌ಲೆಸ್‌ನ ಅರ್ಧ ಫಲ ಪುಕ್ಕಟೆ ಬಂದಹಾಗೆ. ಎದುರಿಗೆ ಒಬ್ಬಿಬ್ಬರೇ ಇದ್ದಾಗ ರೆಕ್‌ಲೆಸ್, ಗುಂಪಿದ್ದಾಗ ವೆಕ್ಸ್. ನಾನು ಹೇಳುವುದು ಇಷ್ಟು.

ನಿಲ್ಲುವ ಜಾಗವೂ ಮುಖ್ಯ. ಸಕಲೇಶಪುರದ ಹತ್ತಿರದ ಮಂಜರಾಬಾದ್ ಕೋಟೆ ಎಂಟು ಮೂಲೆಯ ನಕ್ಷತ್ರದ ಆಕಾರದಲ್ಲಿದೆ, ಟಿಪ್ಪು ಕಾಲದ್ದು. ಅದರ ನಕ್ಷೆಯನ್ನು ಚೌಕಳಿ ಹಾಳೆಗೆ ಇಳಿಸಿ ಯುದ್ಧಭೂಮಿ ಮಾಡಿಕೊಂಡರೆ ಈ ಪಾಠ ತಾನಾಗಿ ಬರುತ್ತದೆ. ಚೂಪು ಮೂಲೆಯೊಳಗೆ ಬೆನ್ನು ಕೊಟ್ಟು ನಿಂತವನ ಹತ್ತಿರಕ್ಕೆ ಒಟ್ಟಿಗೆ ಬರಲು ಆಗುವುದು ಇಬ್ಬರು ಮೂವರಿಗೆ. ಅಲ್ಲಿ ಧೈರ್ಯವಾಗಿ ರೆಕ್‌ಲೆಸ್ ಮಾಡಬಹುದು. ಬಯಲ ಮಧ್ಯೆ ನಿಂತು ಮಾಡಿದವರ ಕಥೆ ಬೇರೆ.

ಕೊಡಲಿ ಎಸೆದ್ರೂ ರೇಜ್ ಸೇರತ್ತಾ?

2024ರಲ್ಲಿ ಸೇರುತ್ತದೆ. 2014ರಲ್ಲಿ ಇಲ್ಲ, ಅಲ್ಲಿ ಕೈಯಲ್ಲಿ ಹಿಡಿದು ಹೊಡೆಯುವ ಏಟಿಗೆ ಮಾತ್ರ. ಎಸೆತದ ದೂರ ಆರಾಮಾಗಿ 20 ಅಡಿ, ಡಿಸ್‌ಅಡ್ವಾಂಟೇಜ್ ಇಟ್ಟುಕೊಂಡು 60. ಕಿಟ್‌ನಲ್ಲಿ ನಾಲ್ಕು ಕೊಟ್ಟಿರುವುದು ಇದಕ್ಕೇ, ಉಳಿದವನ್ನು ಮಾರಬೇಡಿ.

ಐದನೇ ಲೆವೆಲ್ ಆದ್ಮೇಲೆ ಗ್ರೇಟ್‌ಸೋರ್ಡ್ ಗೆಳೆಯ ನನ್ನನ್ನ ಹಿಂದೆ ಹಾಕಿಬಿಟ್ಟ. ಏನ್ಮಾಡ್ಲಿ?

ಎಲ್ಲರಿಗೂ ಆಗುವುದೇ ಇದು. ಐದರಲ್ಲಿ ಎಕ್ಸ್‌ಟ್ರಾ ಅಟ್ಯಾಕ್ ಬಂದು ಅವನ ದೊಡ್ಡ ಏಟು ಎರಡಾಗುತ್ತದೆ. ನಿಮ್ಮ ಬಲಗೈಯೂ ಎರಡಾಗುತ್ತದೆ, ಆದರೆ ಎಡಗೈ ಒಂದೇ ಉಳಿಯುತ್ತದೆ. 2014ರ ಲೆಕ್ಕದಲ್ಲಿ ಸ್ಟ್ರೆಂತ್ 18ಕ್ಕೆ ಗ್ರೇಟ್‌ಸೋರ್ಡ್ 26, ಎರಡು ಕೊಡಲಿ 24.5. ಅದೂ ನಿಮಗೆ ಮೊದಲ ಸುತ್ತಿನಲ್ಲಿ 19 ಮಾತ್ರ. ಅವನು ಗ್ರೇಟ್ ವೆಪನ್ ಮಾಸ್ಟರ್ ಫೀಟ್ ತೆಗೆದುಕೊಂಡು, ತಾಗುವುದರಲ್ಲಿ 5 ಕಳೆದು ಡ್ಯಾಮೇಜ್‌ಗೆ 10 ಸೇರಿಸಲು ಶುರು ಮಾಡಿದರೆ ಸ್ಪರ್ಧೆಯೇ ಇಲ್ಲ. 2014ರ ಮೇಜಿನಲ್ಲಿ ಒಂದೇ ರಾಕ್ಷಸನ ಮೇಲೆ ಬೀಳುವ ಡ್ಯಾಮೇಜ್‌ನಲ್ಲಿ ಅವನೇ ಮುಂದೆ. ಒಪ್ಪಿಕೊಂಡು ಬೇರೆ ಕೆಲಸ ಹಿಡಿಯಿರಿ.

2024ರಲ್ಲಿ ಅಂತರ ಕಡಿಮೆ. ಅವನು ಆ ಫೀಟ್‌ನ 2024ರ ರೂಪದ ಜೊತೆ 32. ನೀವು ಕೊಡಲಿ ಎರಡು ಸಲ, ನಿಕ್‌ನಿಂದ ಸಿಮಿಟರ್ ಒಂದು ಸಲ, ಡ್ಯುಯಲ್ ವೀಲ್ಡರ್ ಫೀಟ್‌ನಿಂದ ಬೋನಸ್ ಆಕ್ಷನ್‌ನಲ್ಲಿ ಇನ್ನೊಂದು ಸಲ, ಒಟ್ಟು 30. ರೇಜ್ ಶುರು ಮಾಡಿದ ಸುತ್ತಿನಲ್ಲಿ 24.5.

ಹಾಗಾದರೆ ಬೇರೆ ಕೆಲಸ ಯಾವುದು? ಮಂತ್ರವಾದಿಗಳನ್ನು ಹಿಡಿಯುವುದು. ಕಾನ್ಸನ್‌ಟ್ರೇಷನ್ (ನಡೆಯುತ್ತಿರುವ ಮಂತ್ರದ ಮೇಲಿನ ಗಮನ) ಹಿಡಿದವನಿಗೆ ಪ್ರತಿ ಏಟಿಗೂ ಬೇರೆ ಬೇರೆ ಸೇವ್, ಅಂದರೆ ಅದನ್ನು ಉಳಿಸಿಕೊಳ್ಳಲು ದಾಳದ ಪರೀಕ್ಷೆ. ಕನಿಷ್ಠ 10 ಬೇಕು, ಡ್ಯಾಮೇಜ್‌ನ ಅರ್ಧ ಅದಕ್ಕಿಂತ ಜಾಸ್ತಿ ಇದ್ದರೆ ಅಷ್ಟು ಬೇಕು. ಗ್ರೇಟ್‌ಸೋರ್ಡ್‌ನ 16ರ ಏಟಿಗೂ 10ರ ಸೇವ್, ನಿಮ್ಮ 5ರ ಏಟಿಗೂ 10ರ ಸೇವ್. ಅವನು ಎರಡು ಸಲ ಕೇಳಿದರೆ ನೀವು ನಾಲ್ಕು ಸಲ ಕೇಳುತ್ತೀರಿ.

ಯಾವ ಪಾತ್ ತಗೊಳ್ಳಲಿ?

ಬೋನಸ್ ಆಕ್ಷನ್ ಕೇಳುವ ದಾರಿಯಿಂದ ದೂರ ಇರಿ, ಉಳಿದದ್ದು ನಿಮ್ಮ ಇಷ್ಟ. 2014ರ ಬರ್ಸರ್ಕರ್‌ನ ಫ್ರೆನ್ಜಿ ಬೋನಸ್ ಆಕ್ಷನ್‌ನಲ್ಲೇ ಇನ್ನೊಂದು ಏಟು ಕೊಡುತ್ತದೆ. ನಿಮ್ಮ ಎಡಗೈಗೂ ಅದೇ ಬೇಕು. ಮೇಲಿಂದ ರೇಜ್ ಮುಗಿದಮೇಲೆ ಎಕ್ಸಾಶನ್ (ದಣಿವಿನ ದಂಡ) ಬೇರೆ. ಸ್ಟಾರ್ಮ್ ಹೆರಾಲ್ಡ್, ಟೋಟಮ್‌ನ ಹದ್ದು, ಇವೂ ಬೋನಸ್ ಆಕ್ಷನ್ ತಿನ್ನುತ್ತವೆ. 2014ರಲ್ಲಿ ಝೆಲಟ್ ಅಥವಾ ಟೋಟಮ್‌ನ ಕರಡಿ ಒಳ್ಳೆಯದು. ಝೆಲಟ್‌ಗೆ ಪ್ರತಿ ಸರದಿಯಲ್ಲೂ ಮೊದಲು ತಾಗಿದವನ ಮೇಲೆ ಡಿ6 ಮತ್ತು ಬಾರ್ಬೇರಿಯನ್ ಲೆವೆಲ್‌ನ ಅರ್ಧ ಸೇರುತ್ತದೆ. ಏಟು ಜಾಸ್ತಿ ಇದ್ದಷ್ಟೂ ಒಂದಾದರೂ ತಾಗುವುದು ಖಚಿತ.

2024ರ ಬರ್ಸರ್ಕರ್ ಪೂರ್ತಿ ಬದಲಾಗಿದೆ. ರೇಜ್‌ನಲ್ಲಿ ರೆಕ್‌ಲೆಸ್ ಮಾಡಿದರೆ ಮೊದಲು ತಾಗಿದವನಿಗೆ ಹೆಚ್ಚುವರಿ ಡಿ6ಗಳು, ರೇಜ್ ಡ್ಯಾಮೇಜ್ ಎಷ್ಟಿದೆಯೋ ಅಷ್ಟು ದಾಳ. ಎಕ್ಸಾಶನ್ ಇಲ್ಲ. ವರ್ಲ್ಡ್ ಟ್ರೀ ದಾರಿ ಕಥೆಗೆ ಚೆಂದ, ಆದರೆ ಹತ್ತನೇ ಲೆವೆಲ್‌ನ ಬೇರುಗಳ ಶಕ್ತಿ ಹೆವಿ ಅಥವಾ ವರ್ಸಟೈಲ್ ಆಯುಧಕ್ಕೆ ಮಾತ್ರ. ಕೊಡಲಿ-ಕುಡುಗೋಲಿಗೆ ಅದು ದಕ್ಕುವುದಿಲ್ಲ.

## ಇನ್ನೂ ಆಳಕ್ಕೆ ಹೋಗುವವರಿಗೆ

ಡ್ಯುಯಲ್ ವೀಲ್ಡರ್ ಫೀಟ್ ತಗೊಂಡ್ರೆ ಲಾಭನಾ?

2024ರಲ್ಲಿ ನಾಲ್ಕನೇ ಲೆವೆಲ್‌ಗೆ ಅದನ್ನೇ ತೆಗೆದುಕೊಳ್ಳಿ. ಸ್ಟ್ರೆಂತ್ 1 ಏರುತ್ತದೆ, ನಿಕ್‌ನಿಂದ ಉಳಿದ ಬೋನಸ್ ಆಕ್ಷನ್‌ಗೆ ಕೆಲಸ ಸಿಗುತ್ತದೆ.

2014ರಲ್ಲಿ ನನಗೆ ಅಷ್ಟು ಇಷ್ಟವಿಲ್ಲ. ಎಸಿ 1 ಬರುತ್ತದೆ, ಲಾಂಗ್‌ಸೋರ್ಡ್ ಥರದ ಡಿ8 ಆಯುಧ ಜೋಡಿಯಾಗಿ ಹಿಡಿಯಬಹುದು, ಎರಡನ್ನೂ ಒಟ್ಟಿಗೆ ಹಿರಿಯಬಹುದು. ಆದರೆ ಸ್ಟ್ರೆಂತ್ ಏರಿಸುವ ಅವಕಾಶ ಬಿಡಬೇಕು. ಐದನೇ ಲೆವೆಲ್‌ನಲ್ಲಿ ಫೀಟ್ ಮತ್ತು ಸ್ಟ್ರೆಂತ್ 16 ಇದ್ದರೆ 25.5, ಫೀಟ್ ಇಲ್ಲದೆ ಸ್ಟ್ರೆಂತ್ 18 ಇದ್ದರೆ 24.5, ಜೊತೆಗೆ ತಾಗುವುದೂ ಜಾಸ್ತಿ. ಮೊದಲು ಸ್ಟ್ರೆಂತ್ ಏರಿಸಿ.

ಫೈಟರ್ ಒಂದು ಲೆವೆಲ್ ಸೇರಿಸಿದ್ರೆ ಎಡಗೈಗೂ ಸ್ಟ್ರೆಂತ್ ಬರತ್ತಂತೆ?

ಬರುತ್ತದೆ. ಟೂ-ವೆಪನ್ ಫೈಟಿಂಗ್ ಶೈಲಿ ಫೈಟರ್ ಅನ್ನುವ ಇನ್ನೊಂದು ಕ್ಲಾಸ್‌ಗೆ ಮೊದಲ ಲೆವೆಲ್‌ನಲ್ಲೇ ಸಿಗುತ್ತದೆ. ಸ್ಟ್ರೆಂತ್ 18 ಇದ್ದರೆ ಎಡಗೈ ಏಟಿಗೆ ಇನ್ನು 4. ಜೊತೆಗೆ ಸೆಕೆಂಡ್ ವಿಂಡ್ (ತಾನೇ ಚೇತರಿಸಿಕೊಳ್ಳುವ ಶಕ್ತಿ) ಇದೆ, ಅದು ಮಂತ್ರ ಅಲ್ಲವಾದ್ದರಿಂದ ರೇಜ್‌ನಲ್ಲೂ ನಡೆಯುತ್ತದೆ. 2024ರ ಡ್ಯುಯಲ್ ವೀಲ್ಡರ್ ಕೊಡುವ ನಾಲ್ಕನೇ ಏಟಿಗೂ ಇದು ಸೇರುತ್ತದೆ ಅನ್ನುವುದು ನನ್ನ ಓದು. ಆದರೂ ಡಿಎಂ ಹತ್ತಿರ ಮೊದಲೇ ಮಾತಾಡಿಕೊಳ್ಳಿ, ಜಗಳದ ಮಧ್ಯೆ ಬೇಡ.

ಯಾವಾಗ ಅನ್ನುವುದು ಮುಖ್ಯ. ಬಾರ್ಬೇರಿಯನ್ ಐದು ಮುಗಿಸಿ ಆಮೇಲೆ ಹೋಗಿ. ಮೊದಲೇ ಹೋದರೆ ಎಕ್ಸ್‌ಟ್ರಾ ಅಟ್ಯಾಕ್ ಒಂದು ಲೆವೆಲ್ ತಡ. ನಮ್ಮ ಕಡೆ ಮಳೆಗಾಲದಲ್ಲಿ ಅರ್ಧ ಜನ ಬರುವುದಿಲ್ಲ, ಒಂದು ಲೆವೆಲ್ ಅಂದರೆ ಕೆಲವು ತಿಂಗಳೇ ಹಿಡಿದೀತು.

ರೋಗ್ ಸೇರಿಸಿದ್ರೆ ಸ್ನೀಕ್ ಅಟ್ಯಾಕ್ ಆಗತ್ತಾ? ಅದಕ್ಕೆ ಡೆಕ್ಸ್ ಬೇಕಲ್ವಾ?

ರೋಗ್ ಕ್ಲಾಸ್‌ನ ಹೆಚ್ಚುವರಿ ಡ್ಯಾಮೇಜ್ ಆದ ಸ್ನೀಕ್ ಅಟ್ಯಾಕ್‌ಗೆ ಬೇಕಾಗಿರುವುದು ಫಿನೆಸ್ ಆಯುಧ. ಅದನ್ನು ಡೆಕ್ಸ್‌ನಿಂದಲೇ ಬೀಸಬೇಕು ಅಂತ ನಿಯಮ ಎಲ್ಲೂ ಹೇಳುವುದಿಲ್ಲ. ರೆಕ್‌ಲೆಸ್‌ನಿಂದ ಅಡ್ವಾಂಟೇಜ್ ಬರುತ್ತದೆ, ರೇಜ್ ಸೇರುತ್ತದೆ, ಸ್ನೀಕ್ ಅಟ್ಯಾಕ್‌ನ ದಾಳವೂ ಸೇರುತ್ತದೆ. ಕೊಡಲಿ-ಕುಡುಗೋಲು ಬಿಟ್ಟು ಶಾರ್ಟ್‌ಸೋರ್ಡ್ ಮತ್ತು ಸಿಮಿಟರ್‌ಗೆ ಬರಬೇಕು. 2024ರಲ್ಲಿ ಶಾರ್ಟ್‌ಸೋರ್ಡ್‌ಗೂ ವೆಕ್ಸ್ ಇದೆ, ಹಾಗಾಗಿ ಕಳೆದುಕೊಳ್ಳುವುದು ಏನಿಲ್ಲ. ಡೆಕ್ಸ್ 13 ಇಲ್ಲದೆ ರೋಗ್ ಸೇರಿಸಲು ಆಗುವುದಿಲ್ಲ.

ಬ್ರೂಟಲ್ ಸ್ಟ್ರೈಕ್ ಅಂದ್ರೆ ಅಡ್ವಾಂಟೇಜ್ ಬಿಡ್ಬೇಕು. ಯಾವ ಏಟಲ್ಲಿ ಬಿಡ್ಲಿ?

ಒಳ್ಳೆ ಪ್ರಶ್ನೆ. 2024ರ ಒಂಬತ್ತನೇ ಲೆವೆಲ್‌ನಲ್ಲಿ ಜೋಡಿ ಆಯುಧದವರು ನಿಜವಾಗಿ ಗೆಲ್ಲುವ ಜಾಗ ಇದು.

ರೆಕ್‌ಲೆಸ್ ಮಾಡಿದ ಸರದಿಯಲ್ಲಿ ಒಂದು ಏಟಿನ ಅಡ್ವಾಂಟೇಜ್ ಬಿಟ್ಟುಕೊಟ್ಟರೆ, ಅದು ತಾಗಿದಾಗ ಡಿ10 ಜಾಸ್ತಿ. ಜೊತೆಗೆ ಶತ್ರುವನ್ನು ತಳ್ಳಬಹುದು ಅಥವಾ ಅವನ ವೇಗ ಕಡಿಮೆ ಮಾಡಬಹುದು. ಡಿ10 ಯಾವ ಏಟಿಗಾದರೂ ಒಂದೇ. ಆದರೆ ಅಡ್ವಾಂಟೇಜ್ ಬಿಟ್ಟಿದ್ದರಿಂದ ಆಗುವ ನಷ್ಟ ಆ ಏಟಿನ ಗಾತ್ರದಷ್ಟು. ಸ್ಟ್ರೆಂತ್ 20, ಎಸಿ 15 ಎದುರು ಶೇ. 94ರ ಹತ್ತಿರ ಇದ್ದದ್ದು ಶೇ. 75ಕ್ಕೆ ಇಳಿಯುತ್ತದೆ. ಗ್ರೇಟ್‌ಸೋರ್ಡ್‌ನವನ ಏಟು ಗ್ರೇಟ್ ವೆಪನ್ ಮಾಸ್ಟರ್ ಸೇರಿ 19, ಅವನಿಗೆ ಸುಮಾರು 3.5 ನಷ್ಟ. ನಿಮ್ಮ ಎಡಗೈ ಸಿಮಿಟರ್ 6.5, ನಷ್ಟ 1.2. ಇಬ್ಬರಿಗೂ ಬರುವ ಲಾಭ ಸುಮಾರು 4. ಅವನಿಗೆ ಉಳಿಯುವುದು ಚಿಲ್ಲರೆ. ಯಾವಾಗಲೂ ಎಡಗೈ ಏಟಿನಲ್ಲೇ ಬಿಡಿ.

ಒಂದೇ ಮ್ಯಾಜಿಕ್ ಆಯುಧ ಸಿಕ್ಕಿದೆ. ಯಾವ ಕೈಗೆ?

ಐದನೇ ಲೆವೆಲ್ ದಾಟಿದ್ದರೆ ಜಾಸ್ತಿ ಸಲ ಬೀಸುವ ಬಲಗೈಗೆ. 2014ರ ಅನೇಕ ರಾಕ್ಷಸರು ಮ್ಯಾಜಿಕ್ ಅಲ್ಲದ ಏಟನ್ನು ಅರ್ಧ ಮಾಡುತ್ತಾರೆ, ವೇರ್‌ವುಲ್ಫ್‌ಗೆ ಬೆಳ್ಳಿಯೂ ಇಲ್ಲದಿದ್ದರೆ ಏನೂ ತಾಗದು. ಎಡಗೈ ಆಯುಧಕ್ಕೆ 100 ಚಿನ್ನ ಕೊಟ್ಟು ಬೆಳ್ಳಿ ಹಾಕಿಸಿಕೊಳ್ಳಿ. ಡಿಎಂಗಳಿಗೂ ಒಂದು ಮಾತು: ಒಂದು +2 ಗ್ರೇಟ್‌ಆಕ್ಸ್ ಕೊಡುವ ಕಡೆ ಎರಡು +1 ಕೊಟ್ಟರೆ ಆಟ ಕೆಡುವುದಿಲ್ಲ.

ಪಾರ್ಟಿಯವರ ಹತ್ರ ಏನು ಕೇಳ್ಲಿ?

ಪ್ರತಿ ಏಟಿಗೂ ಸೇರುವಂಥದ್ದು. ರೇಜ್‌ನಲ್ಲಿ ನೀವು ಮಂತ್ರ ಹಾಕಲು ಆಗದು, ಬೇರೆಯವರು ಹಾಕಬಹುದು. ಪ್ಯಾಲಡಿನ್ ಇದ್ದರೆ ಕ್ರುಸೇಡರ್ಸ್ ಮ್ಯಾಂಟಲ್ ಕೇಳಿ. ಅವರ 30 ಅಡಿಯೊಳಗೆ ನಿಂತು ಹೊಡೆದರೆ ತಾಗಿದ ಪ್ರತಿ ಏಟಿಗೂ ಡಿ4. ನಾಲ್ಕು ಏಟಿಗೆ ನಾಲ್ಕು ಡಿ4. ಪಾರ್ಟಿಯಲ್ಲಿ ಅದರಿಂದ ಅತಿ ಹೆಚ್ಚು ಪಡೆಯುವವರು ನೀವೇ, ಹಾಗಾಗಿ ಕೇಳಲು ಸಂಕೋಚ ಬೇಡ.

ಇಷ್ಟೊಂದು ದಾಳ ಎಸೆದು ಆಟ ನಿಧಾನ ಮಾಡ್ತೀಯ ಅಂತ ಬೈತಾರೆ.

ಬೈಯಲಿ ಬಿಡಿ ಅನ್ನಬಹುದಿತ್ತು, ಆದರೆ ಅವರು ಹೇಳುವುದು ಸರಿ. ರೆಕ್‌ಲೆಸ್‌ನಲ್ಲಿ ನಾಲ್ಕು ಏಟು ಅಂದರೆ ಎಂಟು ಡಿ20. ಬಣ್ಣ ಬೇರೆ ಬೇರೆ ಇರುವ ದಾಳ ಇಟ್ಟುಕೊಳ್ಳಿ, ಕೊಡಲಿಗೆ ಕೆಂಪು, ಕುಡುಗೋಲಿಗೆ ಹಸಿರು. ಡ್ಯಾಮೇಜ್ ದಾಳವನ್ನೂ ಅದೇ ಬಣ್ಣದ್ದು ಹಿಡಿದು ಒಟ್ಟಿಗೆ ಎಸೆಯಿರಿ. ಯಾರಿಗೆ ಹೊಡೆಯುವುದು ಅಂತ ಪಕ್ಕದವರ ಸರದಿಯಲ್ಲೇ ತೀರ್ಮಾನಿಸಿ. ಕೂಡಬೇಕಾದ ಮೊತ್ತವನ್ನು, ಬಲಗೈಗೆ 6, ಎಡಗೈಗೆ 2 ಅಂತ ಹಾಳೆಯ ಮೇಲ್ಗಡೆ ದೊಡ್ಡದಾಗಿ ಬರೆದಿಡಿ, ಪ್ರತಿ ಸಲ ಸ್ಟ್ರೆಂತ್, ರೇಜ್ ಅಂತ ಬೆರಳು ಮಡಚಬೇಡಿ. ಎಸೆದಾದ ಮೇಲೆ ಕುಡುಗೋಲಿನ ಚೂಪು ತುದಿಯ ಡಿ4 ಮಾತ್ರ ಡಬ್ಬಿಗೆ ಹಾಕಿಬಿಡಿ. ಮಳೆಗಾಲದಲ್ಲಿ ಕರೆಂಟ್ ಹೋಗಿ ಯಾರಾದರೂ ಮೇಣದಬತ್ತಿ ಹುಡುಕಲು ಎದ್ದಾಗ ಅದು ಚಾಪೆ ಮೇಲಿದ್ದರೆ, ಆ ದಿನದ ಅತಿ ದೊಡ್ಡ ಡ್ಯಾಮೇಜ್ ಅದೇ ಆಗುತ್ತದೆ.